ಟ್ಯಾಂಕಿನ ತಳದ ಕವಾಟ ಕದನ

ಎಲೈ ಲವಣಜಲಧಿಯ ಅಧಿದೇವತೆಯೇ, ನನ್ನ ಕಂಠಕ್ಕೆ ನಿನ್ನ ತೆರೆಗಳ ಗರ್ಜನೆಯನ್ನು ಕರುಣಿಸು! ನರರು ಕಡಲಿನ ತಳಕ್ಕೂ ಕರೆಂಟು ಎಳೆದ ಈ ಮಹಾಯುಗದಲ್ಲಿ, ಮಂಗಳೂರಿನ ಬಂದರಿನ ತಗಡಿನ ಶೆಡ್ಡೊಂದರಲ್ಲಿ ನಡೆದ ಘೋರ ಸಮರವನ್ನು ಹೇಳಹೊರಟಿದ್ದೇನೆ.

ಅಲ್ಲಿದ್ದವರು ಇಬ್ಬರು ಮಹಾರಥರು. ಒಬ್ಬಳು ವಿದ್ಯುತ್ಪ್ರವಾಹನಿಯಾಮಿಕೆ, ಸಹಸ್ರತಂತೀಬಂಧನನಿಪುಣೆ, ಸುಟ್ಟ ಫ್ಯೂಸಿನ ವಾಸನೆಯಿಂದಲೇ ಅಪರಾಧಿಯನ್ನು ಪತ್ತೆಹಚ್ಚುವ ದಮಯಂತಿ ಕೊಟ್ಟಾರಿ. ಇನ್ನೊಬ್ಬ ಆಜ್ಞಾಸಂಕೇತಸಾರ್ವಭೌಮ, ಕೀಬೋರ್ಡ್‌ಖಡ್ಗಧಾರಿ ವಲೇರಿಯನ್ ಲೋಬೊ. ಆಕೆಯ ಕರೆಂಟೂ ಈತನ ಆಜ್ಞೆಯೂ ಒಂದೇ ಕೇಬಲ್ಲಿನಲ್ಲಿ ಇಳಿದು, ಉಕ್ಕಿನ ಪೆಟ್ಟಿಗೆಯೊಂದನ್ನು ಹೊಕ್ಕು, ಸಮುದ್ರತಳದ ತೈಲಕೊಳವೆಯ ಕವಾಟವನ್ನು ತೆರೆದು ಮುಚ್ಚಬೇಕು. ಇಬ್ಬರೂ ವರ್ಷವಿಡೀ ಬೆವರಿ ಕಟ್ಟಿದ ಆ ಪೆಟ್ಟಿಗೆಗಾಗಿ ಹಡಗು ತಂಗುವ ಕಟ್ಟೆಯಾದ ಧಕ್ಕೆಯಲ್ಲಿ ಹಡಗು ಕಾಯುತ್ತಿತ್ತು. ಮಳೆಗಾಲ ಬಾಗಿಲಲ್ಲಿತ್ತು, ಸಂಜೆಯ ಉಬ್ಬರಕ್ಕೆ ಹೊರಡದಿದ್ದರೆ ಮುಂದಿನ ಯಾನ ಮಳೆ ಬಿಟ್ಟ ಮೇಲೆಯೇ.

ಉಳಿದದ್ದು ಅಂತಿಮ ಪರೀಕ್ಷೆ. ಕವಾಟವನ್ನು ಹೊತ್ತ ಪೆಟ್ಟಿಗೆ ಶೆಡ್ಡಿನ ಪರೀಕ್ಷಾ ಟ್ಯಾಂಕಿನ ಮಬ್ಬು ಉಪ್ಪುನೀರಿನ ತಳದಲ್ಲಿ ಧ್ಯಾನಾಸಕ್ತವಾಗಿತ್ತು. ಲೋಬೊ ತನ್ನ ವಜ್ರೋಪಮ ತರ್ಜನಿಯಿಂದ ತೆರೆಯುವ ಬಟನ್ ಒತ್ತಿದ. ಕವಾಟ ಸದ್ದು ಮಾಡಲಿಲ್ಲ. ಮತ್ತೊಮ್ಮೆ ಒತ್ತಿದ. ಮೌನ!

"ನಿಮ್ಮ ಕರೆಂಟೇ ಕೆಳಗೆ ಹೋಗುದಿಲ್ಲ ಮೇಡಂ," ಎಂದ.

ಪ್ರಳಯಕಾಲದ ಮೇಘದಂತೆ ದಮಯಂತಿ ತಿರುಗಿದಳು. "ಎಂತದು ಮಾರಾಯ್ರೆ ನೀವು ಹೇಳುದು? ನಾನು ಎಳೆದ ವೈರಲ್ಲಿ ಈವರೆಗೆ ಒಂದು ಬಲ್ಬ್ ಸಹ ಆರಿ ಹೋದದ್ದಿಲ್ಲ. ನಿಮ್ಮ ಕಮಾಂಡೇ ದಾರಿಯಲ್ಲಿ ಸತ್ತಿರ್ಬೇಕು!"

"ನನ್ನದಾ? ನಾನು ಕಮಾಂಡ್ ಕೊಟ್ರೆ ಗುಡ್ಡೆ ಸಹ ಎದ್ದು ನಿಲ್ಬೇಕು!"

ಆಗ ಶಸ್ತ್ರಗಳು ಹೊರಬಿದ್ದವು. ಆಕೆ ಮೀಟರನ್ನು ಗದೆಯಂತೆ ಎತ್ತಿ ಅಳೆದಳು. ಕರೆಂಟು ಪೂರ್ತಿ ಇಳಿಯುತ್ತಿತ್ತು. ಈತ ಪರದೆಯನ್ನು ಗುರಾಣಿಯಂತೆ ತಿರುಗಿಸಿ ತೋರಿಸಿದ; ಆಜ್ಞೆ ಸುಕ್ಷೇಮವಾಗಿ ತಲುಪುತ್ತಿತ್ತು. ಒಬ್ಬರ ಸಾಕ್ಷ್ಯ ಇನ್ನೊಬ್ಬರಿಗೆ ಅಪಮಾನವಾಯಿತು. ಮಧ್ಯಾಹ್ನದ ಊಟ ತಣ್ಣಗಾಯಿತು, ಧಕ್ಕೆಯಿಂದ ಹಡಗು ಎರಡು ಬಾರಿ ಶಂಖಧ್ವನಿಗೈದಿತು.

ಕಡೆಗೆ ಪೆಟ್ಟಿಗೆಯನ್ನು ಮೇಲೆತ್ತದೆ ಗತಿಯಿರಲಿಲ್ಲ. ವೈರಿಗಳಿಬ್ಬರೂ ಒಂದೇ ಸರಪಳಿಗೆ ಕೈ ಹಾಕಿದರು.

"ಹಡಗು ಹೋದ್ರೆ ಎಂತ ಮಾಡುದು?" ಲೋಬೊನ ಸ್ವರ ಇಳಿದಿತ್ತು.

"ಹಾಗೆಲ್ಲ ಮಾತಾಡ್ಬೇಡಿ. ಎಳೀರಿ," ಎಂದಳು ದಮಯಂತಿ.

ನೀರು ಸುರಿಸುತ್ತ, ಕ್ಷೀರಸಾಗರದಿಂದ ಮಂದರಪರ್ವತವೇ ಎದ್ದಂತೆ ಪೆಟ್ಟಿಗೆ ಮೇಲೆದ್ದಿತು. ಇಬ್ಬರೂ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

ಕವಾಟ ಮೊದಲೇ ತೆರೆದಿತ್ತು.

ಹಿಂದಿನ ದಿನದ ಪರೀಕ್ಷೆಯ ನಂತರ ಅದನ್ನು ಮುಚ್ಚಲು ಇಬ್ಬರೂ ಮರೆತಿದ್ದರು. ನಿಯಂತ್ರಣ ಫಲಕದ ಹಸಿರು ದೀಪ ಕವಾಟ ತೆರೆದಿದೆಯೆಂದು ಬೆಳಗಿನಿಂದ ಸಾರುತ್ತಿದ್ದರೂ, ಪರಸ್ಪರರನ್ನು ದುರುಗುಟ್ಟಿ ನೋಡುತ್ತಿದ್ದ ಕಣ್ಣುಗಳಿಗೆ ಅತ್ತ ಹೊರಳಲು ಪುರುಸೊತ್ತಿರಲಿಲ್ಲ.

"ಮುಚ್ಚುವ ಬಟನ್ ಒತ್ತಿ ಮಾರಾಯ್ರೆ," ಎಂದಳು ದಮಯಂತಿ, ಮೆಲ್ಲಗೆ.

ಒತ್ತಿದ. ಕವಾಟ ಟಕ್ಕೆಂದು ಮುಚ್ಚಿತು. ತೆರೆಯುವುದನ್ನು ಒತ್ತಿದ. ತೆರೆಯಿತು. ಪೆಟ್ಟಿಗೆಯನ್ನು ನೀರಿಗಿಳಿಸಿ ಮತ್ತೆ ಪರೀಕ್ಷಿಸಿದರು, ಮುಚ್ಚಿತು, ತೆರೆಯಿತು.

ಉಬ್ಬರ ಇಳಿಯುವ ಮೊದಲೇ ಪೆಟ್ಟಿಗೆ ಹಡಗು ಸೇರಿತು. ಕಾದು ಬೇಸತ್ತ ಕಪ್ತಾನರು ಹಡಗಿನ ಅಂಚಿನ ಕಟಕಟೆಯಿಂದ ಬಗ್ಗಿ ಕೇಳಿದರು: "ಇಷ್ಟು ಲೇಟ್ ಯಾಕಾಯ್ತು? ಪವರ್ ಪ್ರಾಬ್ಲಮ್ಮಾ, ಕಂಟ್ರೋಲ್ ಪ್ರಾಬ್ಲಮ್ಮಾ?"

ಮಹಾರಥರಿಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ, ಆ ವರ್ಷದಲ್ಲಿ ಮೊದಲ ಬಾರಿಗೆ, ಒಂದೇ ಸ್ವರದಲ್ಲಿ ಹೇಳಿದರು:

"ಟ್ಯಾಂಕಿನ ನೀರು ಸರಿ ಇರ್ಲಿಲ್ಲ ಸಾರ್."