ಬೀಸುವ ಪದಕ್ಕೆ ಒಪ್ಪಿಗೆ ಪತ್ರ

ಸರಳವಾಗಿ ಮುಗಿಯಬೇಕಾದ ಕೆಲಸ ನನ್ನ ಕೈಗೆ ಬಂದ ಕೂಡಲೇ ಕೋರ್ಟು ವ್ಯಾಜ್ಯದ ರೂಪ ತಾಳುವುದು ನನ್ನ ಹಣೆಬರಹ. ಹೊಸಪೇಟೆಯ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತ, ರಜೆ ಸಿಕ್ಕಾಗಲೆಲ್ಲ ಹಳ್ಳಿ ತಿರುಗಿ, ಹೆಂಗಸರು ಬೀಸುಕಲ್ಲಿನ ಮುಂದೆ ಹಾಡುವ ಪದಗಳನ್ನು ಬರೆದುಕೊಂಡು ಒಂದು ಪುಸ್ತಕ ಮಾಡಿದೆ. ಹನ್ನೆರಡು ವರ್ಷದ ಕೆಲಸ. ವಿದ್ವತ್ ಗ್ರಂಥಗಳನ್ನಷ್ಟೇ ತರುವ ದೊಡ್ಡ ಊರಿನ ಪ್ರಕಾಶನವೊಂದು ಅದನ್ನು ಒಪ್ಪಿಕೊಂಡಿತು. ಓಣಿಗೆಲ್ಲ ಪೇಡೆ ಹಂಚಿದೆ. ಮೂರನೇ ದಿನ ಅಲ್ಲಿನ ಸಂಪಾದಕಿಯ ಇ-ಮೇಲ್ ಬಂತು: "ನಿಮ್ಮದಲ್ಲದ ಪ್ರತಿ ಹಾಡಿಗೂ ಹಕ್ಕುದಾರರ, ಪ್ರತಿ ಚಿತ್ರಕ್ಕೂ ಅದರಲ್ಲಿರುವವರ ಒಪ್ಪಿಗೆ ಪತ್ರ ಬೇಕು. ಪತ್ರವಿಲ್ಲದ ಭಾಗವನ್ನು ಕೈಬಿಡಲಾಗುವುದು."

ಹಂಚಿದ ಪೇಡೆಯನ್ನು ವಾಪಸ್ ಕೇಳುವಂತಿರಲಿಲ್ಲ.

ಪತಿಭೇರುಂಡ

ಒಪ್ಪಿಗೆ ಪತ್ರಕ್ಕೂ ಮೊದಲು ಹಸ್ತಪ್ರತಿಯನ್ನೇ ತಿದ್ದಬೇಕಿತ್ತು. "ವಿವರಣೆಯ ಭಾಷೆ ತೀರಾ ಮನೆಮಾತಿನಂತಿದೆ. 'ಗಂಡ' ಎಂಬಲ್ಲಿ 'ಪತಿ' ಎಂದಿರಲಿ" ಎಂದು ಸಂಪಾದಕಿ ಸೂಚಿಸಿದ್ದರು. ಗಂಡ ಅನ್ನುವ ಶಬ್ದ ಇವರಿಗೇನು ಅನ್ಯಾಯ ಮಾಡಿತ್ತೋ! ಬಸ್‌ಸ್ಟ್ಯಾಂಡ್ ಹತ್ತಿರ ಡಿಟಿಪಿ ಅಂಗಡಿ ಇಟ್ಟಿದ್ದ ಹೆಣ್ಣುಮಗಳಿಗೆ ಹೇಳಿದೆ. ಆಕೆ ಎರಡು ಗುಂಡಿ ಒತ್ತಿ, "ಆತ್ರಿ ಸರ್, ಎಲ್ಲಾ ಗಂಡಂದಿರೂ ಪತಿ ಆದ್ರು" ಅಂದಳು.

ಮನೆಗೆ ಬಂದು ನೋಡುತ್ತೇನೆ, "ಪತಿಸರು ಹೊಲಕ್ಕೆ ಹೋದಾಗ ಹೆಂಗಸರು ಬೀಸುತ್ತಿದ್ದರು" ಎಂದಿದೆ. ಇನ್ನೊಂದು ಪುಟದಲ್ಲಿ, ಗುಡಿಯ ಕಂಬದ ಮೇಲೆ ಎರಡು ತಲೆಯ ಪತಿಭೇರುಂಡ!

ಸಿಟ್ಟಿನಿಂದ ಕಾಗದ ಹಿಡಿದು ಓಡಿದೆ. "ಏನಮ್ಮಾ ಇದು? ಗಂಡಭೇರುಂಡ ಅಂದ್ರೆ ಪಕ್ಷಿ!"

ಆಕೆ ಕಾಗದ ಇಸಿದುಕೊಂಡು ಓದಿದಳು. "ತಿದ್ದತೀನಿ ಬಿಡ್ರಿ ಸರ್. ಆದ್ರ ತಪ್ಪೇನಿಲ್ರಿ. ಪತಿ ಅಂದಮ್ಯಾಲ ಎರಡು ತಲಿ ಇರಾವ. ಮನ್ಯಾಗೊಂದು, ಹೊರಗೊಂದು."

ಬದುಕಿರುವ ಲೇಖಕ

ಪುಸ್ತಕದ ಎರಡನೇ ಅಧ್ಯಾಯ ನಾನೇ ಹಿಂದೆ ಬರೆದ ಲೇಖನ. ಕಂಪ್ಲಿಯ ಸಂಘವೊಂದರ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಅದಕ್ಕೂ ಸಂಘದ ಒಪ್ಪಿಗೆ ಬೇಕಂತೆ! ಬಸ್ ಹತ್ತಿ ಹೋದೆ. ಕಾರ್ಯದರ್ಶಿಗಳು ನನ್ನ ಅರ್ಜಿಯನ್ನು ಎರಡು ಸಲ ಓದಿ, ಮೇಜಿನ ಮೇಲಿಟ್ಟರು.

"ಕೊಡ್ತೀವ್ರಿ. ಆದ್ರ ಮೊದಲು ಲೇಖಕರ ಒಪ್ಪಿಗಿ ತರ್ರಿ."

"ಲೇಖಕ ನಾನೇ ರೀ."

"ನೀವು ಅರ್ಜಿದಾರರು. ಲೇಖಕರದು ಬ್ಯಾರೆ ಕಾಗದ ಬೇಕು. ಫೈಲಿನ್ಯಾಗ ಹಾಕಬೇಕಲ್ರೀ?"

ಹೊರಗೆ ಕಟ್ಟೆಯ ಮೇಲೆ ಕುಳಿತು, ಹಲ್ಲು ಕಚ್ಚಿಕೊಂಡು, ನನಗೆ ನಾನೇ ಒಪ್ಪಿಗೆ ಕೊಟ್ಟು ಪತ್ರ ಬರೆದೆ. ಅವರು ಅದನ್ನು ಹಳೇ ಫೈಲಿನಲ್ಲಿದ್ದ ನನ್ನ ಸಹಿಯ ಪಕ್ಕ ಹಿಡಿದು ನೋಡಿ ತಲೆ ಅಲ್ಲಾಡಿಸಿದರು. ವಯಸ್ಸಾದಂತೆ ನನ್ನ ಸಹಿ ಸಣ್ಣದಾಗಿತ್ತು. "ಹೊಂದವಲ್ದು ನೋಡ್ರಿ."

"ಹಂಗಾದ್ರೆ ನಾನೇನು ಮಾಡ್ಲಿ?" ಎಂದು ಕೂಗಿಯೇಬಿಟ್ಟೆ.

ಪಾಪ, ಅವರಿಗೂ ಮರುಕ ಬಂತು. "ಲೇಖಕರು ತೀರಿಕೊಂಡಿದ್ರ ಭಾಳ ಸುಲಭ ಇತ್ರಿ. ಮನಿಯವರದು ಒಂದು ಸಹಿ ಸಾಕಾಗತಿತ್ತು."

ಜ್ವರದ ಮನುಷ್ಯ

ಪುಸ್ತಕದಲ್ಲಿದ್ದ ಒಂದೇ ಒಳ್ಳೆಯ ಚಿತ್ರ ಹಂಪಿ ಬಜಾರಿನಲ್ಲಿ ನಾನು ತೆಗೆದದ್ದು. ಕಲ್ಲುಮಂಟಪದಲ್ಲಿ ಅಜ್ಜಿಯೊಬ್ಬಳು ಕಣ್ಣುಮುಚ್ಚಿ ಹಾಡುತ್ತಿದ್ದಾಳೆ. ಅಜ್ಜಿಯ ಒಪ್ಪಿಗೆ ಸಿಕ್ಕಿತ್ತು. ಆದರೆ ಸಂಪಾದಕಿ ಅಜ್ಜಿಯ ಹಿಂದುಗಡೆ ಮಿರ್ಚಿ ಬಜ್ಜಿಗೆ ಬಾಯಿ ಹಾಕಿದ್ದ ಒಬ್ಬನನ್ನು ಹುಡುಕಿ ಹಿಡಿದರು. "ಇವರ ಮುಖ ಸ್ಪಷ್ಟವಾಗಿದೆ. ಇವರದೂ ಬೇಕು." ಕತ್ತರಿಸಿ ತೆಗೆಯೋಣವೆಂದರೆ ಅವನ ಮೊಣಕೈ ಅಜ್ಜಿಯ ಸೆರಗಿಗೇ ಅಂಟಿಕೊಂಡಿದೆ.

ಊರೂರು ಚಿತ್ರ ತೋರಿಸುತ್ತ, ಪೊಲೀಸರಂತೆ ಅಲೆದೆ. ಕಡ್ಡಿರಾಂಪುರದ ರಸ್ತೆ ಬದಿಯ ಖಾನಾವಳಿಯವನು ನೋಡಿದ ಕೂಡಲೇ ಗುರುತು ಹಿಡಿದು, ಮನೆಯನ್ನೂ ತೋರಿಸಿದ. ಯಾವುದೋ ಫ್ಯಾಕ್ಟರಿಯಲ್ಲಿ ಕೆಲಸದ ಆಸಾಮಿ. ಚಿತ್ರ ನೋಡಿ ಅವನ ಮುಖ ಬಿಳಿಚಿತು. ಬಾಗಿಲು ಮುಂದೆ ಮಾಡಿ ಪಿಸುಗುಟ್ಟಿದ.

"ಯಾವತ್ತಿಂದ್ರಿ ಇದು? ಅವತ್ತು ನಾನು ಜ್ವರ ಅಂತ ಹೇಳಿ ರಜಾ ಹಾಕಿದ್ನಲ್ರಿ! ನಮ್ಮ ಸಾಹೇಬ್ರು ನೋಡಿದ್ರ?"

"ನಿಮ್ಮ ಸಾಹೇಬರು ಬೀಸುವ ಪದದ ಪುಸ್ತಕ ಓದ್ತಾರೇನಪ್ಪಾ?"

ಬಹಳ ಹೊತ್ತು ಬೇಡಿದೆ. ಕೊನೆಗೆ ಪೆನ್ನು ಕೈಗೆ ತಗೊಂಡ. "ಆತು, ಸಹಿ ಮಾಡ್ತೀನಿ. ಆದ್ರ ಫೋಟೋದ ಕೆಳಗ ಅಜ್ಜಿ ಹೆಸರು ಹಾಕ್ತೀರಲ್ಲ, ಅದರ ಬಾಜೂಕ ಹಿಂಗ ಬರೀರಿ: 'ಹಿಂದೆ ಕಾಣುವವರು, ಜ್ವರದಿಂದ ಬಳಲುತ್ತಿರುವ ವ್ಯಕ್ತಿ'."

ಕಾಗೆಯ ಪದ

ಉಳಿದದ್ದು ಸಂಡೂರು ತಾಲೂಕಿನ ಚೋರನೂರು. ಅಲ್ಲಿಯ ಮುದುಕಿಯೊಬ್ಬಳು ಹಾಡಿದ, ಬೇರೆಲ್ಲೂ ಸಿಗದ ಒಂದು ಪದವೇ ನನ್ನ ಪುಸ್ತಕದ ಜೀವ. ಅದರ ಮೇಲೆ ಹನ್ನೊಂದು ಪುಟ ಬರೆದಿದ್ದೆ. ಹಾಡಿದವರಿಗೆ ಪೂರಾ ಓದಿ ಹೇಳಿಯೇ ಹೆಬ್ಬೆಟ್ಟು ಒತ್ತಿಸಬೇಕೆಂದು ಸಂಪಾದಕಿಯ ಕಟ್ಟಪ್ಪಣೆ. ಅಜ್ಜಿಯನ್ನೂ ಆಕೆಯ ಸೊಸೆಯನ್ನೂ ಎದುರಿಗೆ ಕೂರಿಸಿಕೊಂಡು ಓದಿದೆ.

*ಕನ್ನಡಕದ ಕಾಗಿ ಕಟ್ಟೀಯ ಮ್ಯಾಲ ಕುಂತೈತಿ*
*ಜೋಳ ಬೀಸಿ ಮುಗದರೂ ಹಾರವಲ್ದು, ನಮ್ಮವ್ವ*
*ರೊಟ್ಟಿ ತಿಂದರೂ ಹಾರವಲ್ದು*

ಮುಂದೆ ನನ್ನ ವಿವರಣೆ: ಕಾಗೆ ಅಂದರೆ ಪಿತೃಗಳು. ಕನ್ನಡಕ ಅಂದರೆ ಕಾಲದಾಚೆಗೆ ನೋಡುವ ಅವರ ದೃಷ್ಟಿ. ಹಾರದೆ ಕುಳಿತದ್ದು ಇಹದ ಮೋಹ. "ಜೀವಾತ್ಮನ ಈ ಹೊಯ್ದಾಟವನ್ನು..." ಅನ್ನುವಷ್ಟರಲ್ಲಿ ಸೊಸೆ ಬಾಯಿಗೆ ಸೆರಗು ತುರುಕಿಕೊಂಡು ಒಳಗೆ ಓಡಿದಳು. ಒಳಗಿಂದ ಪಾತ್ರೆ ಬಿದ್ದ ಸದ್ದಾಯಿತು.

"ಯಾಕಜ್ಜಿ, ತಪ್ಪೇನಾದ್ರೂ ಇದೆಯಾ?"

ಅಜ್ಜಿ ನನ್ನ ಕೈ ಹಿಡಿದುಕೊಂಡಳು. "ಸಿಟ್ಟಾಗಬ್ಯಾಡ ತಮ್ಮಾ. ಅವತ್ತು ನೀನು ಮುಂಜಾನಿಂದ ನಮ್ಮ ಕಟ್ಟಿಮ್ಯಾಲ ಕುಂತಿದ್ದಿ. ಇನ್ನೊಂದು ಹಾಡಜ್ಜಿ, ಇನ್ನೊಂದು ಹಾಡಜ್ಜಿ ಅಂತಿದ್ದಿ. ನನಗ ಹೊಲಕ್ಕ ಹೋಗಾದಿತ್ತು. ಮನಿಗೆ ಬಂದಾಂವಗ ಎದ್ದು ಹೋಗಪಾ ಅನ್ನಾಕ ಬಾಯಿ ಬರಲಿಲ್ಲ. ಪದದಾಗ ಅಂದೆ."

"ಅಂದ್ರೆ... ಕಾಗೆ?"

"ನೀನ ತಮ್ಮಾ. ಮತ್ತ ಅದನ್ನೂ ಬರಕೊಂಡು, ಮಸ್ತ್ ಐತಿ, ಇನ್ನೊಮ್ಮಿ ಹಾಡು ಅಂದಿ!"

ಹನ್ನೊಂದು ಪುಟ! ಕಿವಿಯೆಲ್ಲ ಬಿಸಿಯಾಯಿತು. ಸಿಟ್ಟು ಮಾಡೋಣವೆಂದರೆ ಯಾರ ಮೇಲೆ? ಹರಿದು ಹಾಕಲು ಪುಟಗಳನ್ನು ಎತ್ತಿಕೊಂಡೆ. ಅಜ್ಜಿ ಅವನ್ನು ಕಿತ್ತುಕೊಂಡು ಮಡಿಲಲ್ಲಿಟ್ಟುಕೊಂಡಳು.

"ಹರೀಬ್ಯಾಡ. ಅವ್ವಂದು, ಅತ್ತಿದು ಅಂತ ಭಾಳ ಪದ ಹಾಡೀನಿ. ನನ್ನ ಸ್ವಂತದ್ದು ಇದೊಂದ. ಪುಸ್ತಕದಾಗ ಹಾಕು."

ಶಾಯಿಯ ಡಬ್ಬಿ ಮುಂದಿಟ್ಟೆ. ಅಜ್ಜಿ ಒತ್ತಿ ಹೆಬ್ಬೆಟ್ಟು ಹಾಕಿ, ಕಾಗದವನ್ನು ನನ್ನ ಕಡೆಗೇ ತಳ್ಳಿದಳು.

"ಹಾಡಿದಾಕಿ ಒಪ್ಪಿಗಿ ಆತು. ಈಗ ಕಾಗೀದೂ ಒಂದು ಸಹಿ ಹಾಕು."

ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಸಹಿ ಮಾಡಿದೆ.