ಅರಳೀಮರದ ಹತ್ತಿರದ ಪಕ್ಕೆನೋವು

ಮನೆ ಬಿಟ್ಟು ಓಡಿಹೋದ ಗಂಡನನ್ನು ಹುಡುಕುವವರಾದರೂ ಇರುತ್ತಾರೆ. ದಿನಾ ಬೆಳಿಗ್ಗೆ ಓಡಲು ಹೋಗಿ, ಅರ್ಧ ದಾರಿಯಲ್ಲೇ ಪಕ್ಕೆ ಹಿಡಿದುಕೊಂಡು ವಾಪಸು ಬರುವ ನನ್ನಂಥವನಿಗೆ ಸಿಗುವುದು ಬೈಗುಳ ಮಾತ್ರ.

ಪ್ಯಾಂಟಿನ ಗುಂಡಿ ಹಾಕುವಾಗ ನಾನು ಉಸಿರು ಬಿಗಿಹಿಡಿಯುವುದನ್ನು ಕಂಡ ನನ್ನ ಹೆಂಡತಿ ಗೋದಾ, ಇನ್ನು ಮುಂದೆ ಪುಟ್ಟೇನಹಳ್ಳಿ ಕೆರೆಯ ಕಡೆ ಓಡತಕ್ಕದ್ದು ಎಂದು ರಾಜಾಜ್ಞೆ ಹೊರಡಿಸಿದಳು. ಓಡಿದೆ. ಆದರೆ ಕೆರೆಯ ಹತ್ತಿರದ ಅರಳೀಮರ ಕಂಡದ್ದೇ ತಡ, ಪಕ್ಕೆಲುಬಿನ ಕೆಳಗೆ ಚುಳುಕ್ ಎನ್ನುವುದು, ಹೊಟ್ಟೆ ಹಿಂಡುವುದು, ನಾನು ಕಟ್ಟೆಯ ಮೇಲೆ ಕೂರುವುದು. ದಿನಾ ಅದೇ ಮರ, ಅದೇ ನೋವು.

ಕಾರಣ ನನಗೆ ಗೊತ್ತಿತ್ತು. ಬೆಳಿಗ್ಗೆ ಎದ್ದರೆ ಅಡುಗೆಮನೆಯಲ್ಲಿ ಅಮ್ಮ ಕಾದಿರುತ್ತಿದ್ದಳು. "ಖಾಲಿ ಹೊಟ್ಟೇಲಿ ಹೊಸಿಲು ದಾಟ್ಬಾರ್ದು ಕಣೋ ಸೇತು. ಗೋದಾಗೆ ಹೇಳ್ಬೇಡ, ಅವಳಿಗೆ ಡಯಟ್ ಹುಚ್ಚು" ಎಂದು ಒಂದು ಚೊಂಬು ರಾಗಿ ಗಂಜಿ, ಮೇಲೊಂದು ಬಟ್ಟಲು ಮೊಸರವಲಕ್ಕಿ ಕೊಡುತ್ತಿದ್ದಳು. ಶೂ ಹಾಕಲು ಹೊರಗೆ ಬಂದರೆ ಗೋದಾ. "ಓಡೋಕೆ ಶಕ್ತಿ ಬೇಕು ಕಣ್ರೀ. ಅತ್ತೆಗೆ ಹೇಳ್ಬೇಡಿ, ಸ್ನಾನ ಮಾಡ್ದೆ ತಿಂತೀರ ಅಂತ ಬೇಜಾರ್ ಮಾಡ್ಕೋತಾರೆ" ಎಂದು ಬಾಳೆಹಣ್ಣು, ಖರ್ಜೂರ, ನೆನೆಸಿದ ಬಾದಾಮಿ. (ಸ್ನಾನದ ವಿಷಯದಲ್ಲಿ ಅಮ್ಮ ನನಗೊಬ್ಬನಿಗೇ ರಿಯಾಯಿತಿ ಕೊಟ್ಟಿದ್ದಾಳೆಂದು ನಾನು ಬಾಯಿ ಬಿಡಲಿಲ್ಲ.)

ಒಬ್ಬಳದ್ದು ತಿಂದು ಇನ್ನೊಬ್ಬಳದ್ದು ಬೇಡವೆಂದರೆ ಮನೆಯಲ್ಲಿ ಕುರುಕ್ಷೇತ್ರ. ಆದ್ದರಿಂದ ಲೋಕಕಲ್ಯಾಣಾರ್ಥವಾಗಿ ಎರಡನ್ನೂ ತಿನ್ನುತ್ತಿದ್ದೆ. ನಿಜ ಹೇಳಬೇಕೆಂದರೆ, ನಾನು ಓಡಲು ಏಳುತ್ತಿದ್ದುದೇ ಅದಕ್ಕೆ.

ಇಬ್ಬರಿಗೂ ಭಯವಾಗಿ ಕೊನೆಗೊಂದು ದಿನ ನನ್ನನ್ನು ಡಾಕ್ಟರ್ ಚನ್ನಕೇಶವ ಅವರ ಕ್ಲಿನಿಕ್ಕಿಗೆ ಎಳೆದೊಯ್ದರು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ಓಡೋಕ್ ಮುಂಚೆ ಏನ್ ತಿಂತೀರ?" ಎಂದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ.

"ಏನೂ ಇಲ್ಲ ಡಾಕ್ಟ್ರೇ, ಎರಡೇ ಎರಡು ಬಾಳೆಹಣ್ಣು" ಎಂದಳು ಗೋದಾ.

"ಬಾಳೆಹಣ್ಣಾ?" ಎಂದಳು ಅಮ್ಮ. "ನಾನು ಕೊಡೋ ಗಂಜಿ ಮೇಲೆ?"

"ಗಂಜೀನಾ ಅತ್ತೆ?"

"ಅವಲಕ್ಕೀನೂ ಕೊಡ್ತಿದ್ದೆ ಕಣಮ್ಮ."

ಕುರುಕ್ಷೇತ್ರ ಈಗ ಶುರುವಾಯಿತು ಎಂದು ಕಣ್ಣು ಮುಚ್ಚಿದೆ. ಶುರುವೇನೋ ಆಯಿತು, ಆದರೆ ಸೇನೆಗಳೆರಡೂ ಒಂದೇ ಕಡೆ ನಿಂತಿದ್ದವು. "ನೋಡಿದ್ಯಾ ಗೋದಾ, ಇಬ್ಬರ ಕೈಲೂ ಇಸ್ಕೊಂಡು ಹೆಂಗೆ ಸುಮ್ನೆ ಕೂತಿದಾನೆ" ಎಂದಳು ಅಮ್ಮ. "ಪಾಪ ಅತ್ತೆ, ನೀವು ಅಷ್ಟು ಬೇಗ ಎದ್ದು ಗಂಜಿ ಕಾಯಿಸ್ತಿದ್ರಿ" ಎಂದಳು ಗೋದಾ. ಮದುವೆಯಾದಾಗಿನಿಂದ ಇವರಿಬ್ಬರೂ ಇಷ್ಟು ಒಮ್ಮತದಿಂದ ಮಾತಾಡಿದ್ದು ನಾನು ಕೇಳಿರಲಿಲ್ಲ. ಹೊಟ್ಟೆ ತುಂಬ ತಿಂದ ಕೂಡಲೇ ಓಡಬಾರದು, ತಿಂಡಿ ಏನಿದ್ದರೂ ಆಮೇಲೆ ಎಂದು ಡಾಕ್ಟರ ತೀರ್ಪಾಯಿತು.

ಈಗ ಅತ್ತೆ ಸೊಸೆ ಜೊತೆಯಾಗಿ ಕೆರೆಗೆ ಬರುತ್ತಾರೆ, ನನ್ನ ಮೇಲೆ ಕಣ್ಣಿಡಲು. ಅರಳೀಕಟ್ಟೆಯ ಮೇಲೆ ತಿಂಡಿ ಡಬ್ಬಿ ಇಟ್ಟುಕೊಂಡು ಕೂರುತ್ತಾರೆ. ನಾನು ಕೆರೆ ಸುತ್ತಿ ಬಂದ ಮೇಲೆ ಅದರಲ್ಲಿ ಪಾಲು ಎಂದು ಒಪ್ಪಂದ. ಮೊದಲ ದಿನ ಖಾಲಿ ಹೊಟ್ಟೆಯಲ್ಲಿ ಪೂರ್ತಿ ಸುತ್ತು ಓಡಿದೆ. ಪಕ್ಕೆ ತುಟಿಪಿಟಕ್ಕೆನ್ನಲಿಲ್ಲ. ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು. ಕಟ್ಟೆಯ ಹತ್ತಿರ ಬಂದರೆ ಇಬ್ಬರೂ ನಗುನಗುತ್ತ ಹರಟುತ್ತಿದ್ದರು, ಡಬ್ಬಿ ತೊಳೆದಿಟ್ಟಂತಿತ್ತು.

"ಇಡ್ಲಿ ತಣ್ಣಗಾಗುತ್ತೆ ಅಂತ ತಿಂದ್ಬಿಟ್ವಿ ಕಣ್ರೀ" ಎಂದಳು ಗೋದಾ. "ನೀವು ಎಂದಿನ ಹಾಗೆ ಅರ್ಧಕ್ಕೇ ನಿಂತಿರ್ತೀರ ಅಂದ್ಕೊಂಡ್ವಿ."

ಇಬ್ಬರೂ ಅಷ್ಟು ಖುಷಿಯಾಗಿರುವಾಗ ನನಗೆ ಸಿಟ್ಟೂ ಬರಲಿಲ್ಲ. ಮಾರನೇ ದಿನ ಇಡ್ಲಿ ಮುಗಿಯುವುದರೊಳಗೆ ಮುಟ್ಟಲೇಬೇಕೆಂದು ಎದ್ದೆನೋ ಬಿದ್ದೆನೋ ಎಂದು ಓಡಿದೆ. ಕಟ್ಟೆ ಇನ್ನೇನು ಕೈಗೆಟುಕುವಷ್ಟರಲ್ಲಿ ಪಕ್ಕೆಯಲ್ಲಿ ಚುಳುಕ್ ಎಂದಿತು. ಬಗ್ಗಿ ನಿಂತ ನನ್ನನ್ನು ನೋಡಿ ಅಮ್ಮ, ಕೈಯಲ್ಲಿದ್ದ ಕೊನೆಯ ಇಡ್ಲಿಯನ್ನು ಸೊಸೆಯ ತಟ್ಟೆಗೆ ಹಾಕುತ್ತ ಹೇಳಿದಳು: "ನೋಡು ಗೋದಾ, ಇವತ್ತು ಎಲ್ಲೋ ಕದ್ದು ತಿಂದೇ ಬಂದಿದಾನೆ."