ಸಿಯೋಲ್‌ನಿಂದ ಬಂದ ಮಿಸ್ಡ್ ಕಾಲ್

ಫೋನು ಬಡಿದುಕೊಂಡಾಗ ಬೊರಾಮಳ ಎರಡೂ ಕೈ ಮೊಣಕೈವರೆಗೆ ಮೆಣಸಿನ ಖಾರದಲ್ಲಿದ್ದವು. ಅಮ್ಮನ ಅಂಗಡಿಗೆ ಅಂದು ನಲವತ್ತು ಕೋಸಿಗೆ ಖಾರ ಹಚ್ಚಿ ಕಿಮ್ಚಿ ಹಾಕಬೇಕಿತ್ತು. ಏಪ್ರನ್ ಜೇಬಿನೊಳಗೆ ಫೋನು ಬೆಂಕಿಪೆಟ್ಟಿಗೆಯಲ್ಲಿ ಸಿಕ್ಕಿಬಿದ್ದ ಜೀರುಂಡೆಯಂತೆ ಒದ್ದಾಡಿತು. ಅವಳು ಒಂದು ಗ್ಲವ್ಸನ್ನು ಹಲ್ಲಿನಿಂದ ಎಳೆದು, ತುಟಿ ಉರಿ ಹತ್ತಿಸಿಕೊಂಡು, ಇನ್ನೊಂದನ್ನು ಎಳೆಯುವಷ್ಟರಲ್ಲಿ ಸದ್ದು ನಿಂತುಹೋಯಿತು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಎದುರಂಗಡಿಯ ಹೇಂಗ್‌ಜಾ ಚಿಕ್ಕಮ್ಮ ಬಿಡಬೇಕಲ್ಲ! ಹುಳಿ ಬರಿಸಿದ ತೊರಕೆ ಮೀನು ಮಾರುವವಳು ಆಕೆ. ಮೊದಲು ವಾಸನೆ ಬರುತ್ತಿತ್ತು, ಆಮೇಲೆ ಧ್ವನಿ, ಕೊನೆಗೆ ಆಕೆ. ಬಂದವಳೇ ಬೊರಾಮಳ ಜೇಬಿಗೆ ಕೈ ಹಾಕಿ ಫೋನು ಈಚೆ ತೆಗೆದಳು.

"ಸೊನ್ನೆ ಎರಡು!" ಎಂದು ಕಿರುಚಿದಳು. "ಬೊರಾಮಳ ಅಮ್ಮಾ, ಸೊನ್ನೆ ಎರಡರಿಂದ ಬಂದಿದೆ ಕಣೇ! ಸಿಯೋಲ್ ನಂಬರು!"

ಮೊಕ್ಪೋ ಬಂದರಿನ ಸಂತೆಯಲ್ಲಿ ಸಿಯೋಲ್‌ನಿಂದ ಫೋನು ಬರುವುದು ಅಪರೂಪವೇನಲ್ಲ. ಸಾಲ ಬೇಕೇ, ವಿಮೆ ಬೇಕೇ ಎಂದು ದಿನಕ್ಕೆ ನಾಲ್ಕು ಬರುತ್ತವೆ. ಆದರೆ ಚಿಕ್ಕಮ್ಮ ನಂಬರನ್ನು ಹುಡುಕಿ ನೋಡಿಯೇಬಿಟ್ಟಳು. ಅದು ಆ ದೊಡ್ಡ ಆಸ್ಪತ್ರೆಯ ನಂಬರೇ ಆಗಿತ್ತು.

ಆ ಆಸ್ಪತ್ರೆ ಯಾವುದೆಂದು ಸಂತೆಯಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ. ನರ್ಸಿಂಗ್ ಮುಗಿಸುವ ಮೊದಲೇ ಬೊರಾಮ್ ಅಲ್ಲಿ ಆಯ್ಕೆಯಾಗಿದ್ದಳು. ಆಯ್ಕೆಯಾದವರು ನೂರಾರು, ಜಾಗ ಖಾಲಿಯಾದಂತೆ ಒಬ್ಬೊಬ್ಬರನ್ನೇ ಕರೆಯುತ್ತಾರೆ. ಬೊರಾಮಳದು ಇನ್ನೂರ ಹದಿನಾಲ್ಕನೆಯ ನಂಬರು. ಕಾಯುತ್ತ ಹತ್ತು ತಿಂಗಳಾಗಿತ್ತು. ಅಷ್ಟರಲ್ಲಿ ಅವಳ ಜೊತೆ ಓದಿದವರಲ್ಲಿ ಒಬ್ಬಳು ಮೂಗು ನೆಟ್ಟಗೆ ಮಾಡುವ ಕ್ಲಿನಿಕ್ಕಿಗೆ ಸೇರಿದ್ದಳು, ಇನ್ನೊಬ್ಬಳು ಸರ್ಕಾರಿ ಪರೀಕ್ಷೆಗೆ ಕೂತಿದ್ದಳು. ಬೊರಾಮ್ ಮಾತ್ರ "ಸದ್ಯಕ್ಕೆ" ಎಂದು ಹೇಳಿ ಊರಿನ ಸೂರ್ಯಕಾಂತಿ ಆರೈಕೆ ಆಸ್ಪತ್ರೆಯಲ್ಲಿ ತಾತ್ಕಾಲಿಕ ಕೆಲಸ ಹಿಡಿದಿದ್ದಳು. ವಯಸ್ಸಾದವರೇ ತುಂಬಿದ ಮೂರು ಮಹಡಿ. ಬಿದ್ದು ಮೂಳೆ ಮುರಿದುಕೊಂಡವರನ್ನು ಮತ್ತೆ ನಡೆಸುವುದು, ಉಣ್ಣಿಸುವುದು, ಮಗ್ಗುಲು ಹೊರಳಿಸುವುದು.

ಯಾರಿಗೂ ಹೇಳದ ಸಂಗತಿಯೆಂದರೆ ಆ ಕೆಲಸ ಅವಳಿಗೆ ಹಿಡಿಸಿಬಿಟ್ಟಿತ್ತು. ಮೂರು ತಿಂಗಳು ಮಲಗಿದ್ದ ಮುದುಕನೊಬ್ಬ ಅವಳ ಭುಜ ಹಿಡಿದು ಕಿಟಕಿಯವರೆಗೆ ನಡೆದು, ಸಮುದ್ರ ನೋಡಿ, "ಇನ್ನೂ ಅಲ್ಲೇ ಇದೆ" ಎಂದಿದ್ದ ದಿನ ಅವಳು ಬಟ್ಟೆ ಒಗೆಯುವ ಕೋಣೆಗೆ ಹೋಗಿ ಅತ್ತಿದ್ದಳು. ಆದರೆ ದೊಡ್ಡ ಆಸ್ಪತ್ರೆಗೆ ಆಯ್ಕೆಯಾದವಳು ಇಂಥದ್ದನ್ನು ಬಾಯಿಬಿಟ್ಟು ಹೇಳಲಾದೀತೇ?

ಅಂದು ಅವಳ ಕರಾರಿನ ಕೊನೆಯ ದಿನ. ಮಧ್ಯಾಹ್ನ ಎರಡರೊಳಗೆ ಬಂದು ಸಹಿ ಹಾಕಿದರೆ ಕೆಲಸ ಕಾಯಂ, ಜೊತೆಗೆ ಮುದುಕರನ್ನು ಮತ್ತೆ ನಡೆಸುವ ವಾರ್ಡಿನ ಹೊಣೆ ಎಂದು ಮುಖ್ಯ ನರ್ಸ್ ಪ್ಯೋ ಮೇಡಂ ಹೇಳಿದ್ದರು. ಸಹಿ ಹಾಕುವುದೆಂದು ಬೊರಾಮ್ ಹಿಂದಿನ ದಿನವೇ ನಿಶ್ಚಯಿಸಿಕೊಂಡಿದ್ದಳು. ಕಿಮ್ಚಿ ಕಲಸಿ ಮುಗಿದ ಮೇಲೆ ಅಮ್ಮನಿಗೆ ಮೆಲ್ಲಗೆ ಹೇಳೋಣ ಎಂದುಕೊಂಡಿದ್ದಳು. ಕಿಮ್ಚಿ ಮುಗಿಯುವ ಮೊದಲೇ ಫೋನು ಬಂತು.

"ವಾಪಸ್ ಮಾಡೇ!" ಎಂದಳು ಚಿಕ್ಕಮ್ಮ.

ಮಾಡಿದಳು. ದೊಡ್ಡ ಆಸ್ಪತ್ರೆಯ ಫೋನಿನಲ್ಲಿ ಮನುಷ್ಯರಿರಲಿಲ್ಲ. ಹೊಸ ರೋಗಿಗೆ ಒಂದು, ಹಳೆ ರೋಗಿಗೆ ಎರಡು ಒತ್ತಿ ಎಂದು ಮಧುರವಾದ ಹೆಣ್ಣು ಧ್ವನಿಯೊಂದು ಹೇಳುತ್ತಾ ಹೋಯಿತು. "ಕರೆದು ಸಿಗದಿದ್ದವರಿಗೆ" ಎಂಬ ನಂಬರು ಇರಲೇ ಇಲ್ಲ. ಬೊರಾಮ್ ಖಾರದ ಬೆರಳಿನಿಂದ ಅಂದಾಜಿನ ಮೇಲೆ ಒಂದು ನಂಬರು ಒತ್ತಿದಳು.

"ಹೇಳಿ. ತೀರಿಕೊಂಡವರ ಹೆಸರು?" ಎಂದಿತು ಗಂಭೀರವಾದ ಗಂಡಸಿನ ಧ್ವನಿ. ಅದು ಆಸ್ಪತ್ರೆಯ ಶವಸಂಸ್ಕಾರದ ವಿಭಾಗವಾಗಿತ್ತು.

"ಇಲ್ಲ, ಯಾರೂ ಇಲ್ಲ... ನಾನು ನರ್ಸು. ಕಾಯ್ತಾ ಇದೀನಿ."

"ಯಾರಿಗೆ ಕಾಯ್ತಾ ಇದೀರಮ್ಮ?"

"ನಿಮ್ಮ ಆಸ್ಪತ್ರೆಗೆ."

ಆತ ಬಹಳ ಮರುಕದಿಂದ, "ಧೈರ್ಯ ತಂದ್ಕೊಳ್ಳಿ ತಾಯಿ" ಎಂದು ಹೇಳಿ ಫೋನು ಇಟ್ಟ.

ಎರಡನೇ ಸಲಕ್ಕೆ ನೇಮಕಾತಿ ವಿಭಾಗ ಸಿಕ್ಕಿತು, ಆದರೆ ಅಲ್ಲಿ ಊಟದ ವೇಳೆ. ಒಂದೂವರೆಯ ಮೇಲೆ ಮಾಡಿ ಎಂದಿತು ಯಂತ್ರ. ಅಷ್ಟರಲ್ಲಿ ಸಂತೆಗೆ ಯಾವ ಯಂತ್ರದ ಅಪ್ಪಣೆಯೂ ಬೇಕಾಗಿರಲಿಲ್ಲ. ಸುದ್ದಿ ಮೀನಿನ ಸಾಲಿನಿಂದ ಕಡಲಪಾಚಿಯ ಸಾಲಿಗೆ, ಅಲ್ಲಿಂದ ಕೊಡೆ ರಿಪೇರಿಯವನ ತನಕ ಓಡಿತ್ತು. ವ್ಯಾಪಾರಿ ಸಂಘದ ಅಧ್ಯಕ್ಷ ಬಾಂಗ್ ತಮ್ಮ ದೀಪದ ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಬಂದೇಬಿಟ್ಟರು.

"ನಮ್ಮ ಸಂತೆಯ ಮಗಳು!" ಎಂದರು. "ಬ್ಯಾನರ್ ಕಟ್ಟಿಸ್ತೀನಿ. ನನ್ನ ಅಳಿಯ ಒಂದು ಗಂಟೇಲಿ ಪ್ರಿಂಟ್ ಹಾಕ್ಕೊಡ್ತಾನೆ."

"ಇನ್ನೂ ಯಾರೂ ಏನೂ ಹೇಳಿಲ್ಲ ಮಾಮ. ಅವರ ಹತ್ರ ಮಾತೇ ಆಡಿಲ್ಲ ನಾನು."

"ಮತ್ತೆ ಅವರು ಯಾಕೆ ಫೋನ್ ಮಾಡ್ತಾರೆ? ನಿನ್ನ ಕಿಮ್ಚಿ ಬೇಕಂತಾನಾ?"

ಎಲ್ಲರೂ ನಕ್ಕರು. ಬೊರಾಮ್ ಅಮ್ಮನ ಕಡೆ ನೋಡಿದಳು. ಅಮ್ಮ ನಗಲಿಲ್ಲ. ಖಾರದ ಕೈಯನ್ನು ಗಾಳಿಯಲ್ಲಿ ಹಾಗೇ ಹಿಡಿದುಕೊಂಡು, ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಇಪ್ಪತ್ತು ವರ್ಷ ಕೋಸು ತೊಳೆದ ಹೆಂಗಸು. ಆ ಮುಖ ನೋಡಿದ ಮೇಲೆ ಬೊರಾಮಳಿಗೆ ಹಿಂದಿನ ದಿನದ ನಿಶ್ಚಯವನ್ನು ಹೇಳಲು ಬಾಯಿ ಬರಲಿಲ್ಲ.

"ಒಂದೂವರೆಗೆ ಫೋನ್ ಮಾಡಿ, ಆಮೇಲೆ ನೋಡೋಣ" ಎಂದಷ್ಟೇ ಹೇಳಿದಳು.

ಒಂದೂವರೆಗೆ ಲೈನು ಬಿಜಿ. ಒಂದು ನಲವತ್ತಕ್ಕೂ ಬಿಜಿ. ಒಂದು ನಲವತ್ತೈದಕ್ಕೆ ಹೇಂಗ್‌ಜಾ ಚಿಕ್ಕಮ್ಮ ಎರಡು ದೊಡ್ಡ ತಟ್ಟೆ ಅಕ್ಕಿ ಕಡುಬು ಹೊರಿಸಿಕೊಂಡು ಬಂದಳು. ಕೆಲಸ ಬಿಡುವವಳು ಬರಿಗೈಯಲ್ಲಿ ಹೋಗಿ ಬಿಡಬಾರದಂತೆ. ಬಿಸಿ ಕಡುಬಿನ ಹಬೆ, ತೊರಕೆಯ ಘಾಟು, ಚಿಕ್ಕಮ್ಮನ ಬಾಯಿ, ಇವುಗಳ ನಡುವೆ ಬೊರಾಮ್ ಮದುಮಗಳಂತೆ ಮೆರವಣಿಗೆಯಲ್ಲಿ ಸೂರ್ಯಕಾಂತಿ ಆಸ್ಪತ್ರೆಯ ಮೆಟ್ಟಿಲು ಹತ್ತಿದಳು.

ಪ್ಯೋ ಮೇಡಂ ಮೇಜಿನ ಮೇಲೆ ಕಾಗದ ಬಿಚ್ಚಿಟ್ಟು ಕೂತಿದ್ದರು. ಕಡುಬು ನೋಡಿದರು. ಹಿಂದೆ ನಿಂತ ಚಿಕ್ಕಮ್ಮನನ್ನೂ ನೋಡಿದರು, ಅಥವಾ ಮೂಸಿದರು.

"ಕಾಯಂ ಆದ ಖುಷಿಗೆ ಇಷ್ಟೊಂದು ಯಾಕಮ್ಮ?"

"ಮೇಡಂ, ಅದು..." ಎಂದಳು ಬೊರಾಮ್. "ನಾಳೆವರೆಗೆ ಸಮಯ ಕೊಡಕ್ಕಾಗುತ್ತಾ?"

"ಯಾಕೆ ಸುಳ್ಳು ನಾಚಿಕೆ?" ಚಿಕ್ಕಮ್ಮ ನಡುವೆ ಬಾಯಿ ಹಾಕಿದಳು. "ಸಿಯೋಲ್‌ನಿಂದ ಕರೆ ಬಂದಿದೆ ಮೇಡಂ! ಈ ಹುಡುಗಿ ಸಂಕೋಚದ ಮುದ್ದೆ, ತಾನಾಗಿ ಹೇಳಲ್ಲ."

ಪ್ಯೋ ಮೇಡಂ ಕನ್ನಡಕ ತೆಗೆದರು. ಹತ್ತು ತಿಂಗಳಲ್ಲಿ ಅವರು ಬೊರಾಮಳನ್ನು ಬೈಯದ ದಿನವಿರಲಿಲ್ಲ. ಈಗ ಬೈಯಲಿಲ್ಲ. "ಹೌದಾ ಬೊರಾಮ್?" ಎಂದರು.

ಇಲ್ಲ ಎನ್ನಬಹುದಿತ್ತು. ಇನ್ನೂ ಗೊತ್ತಿಲ್ಲ ಎಂದರೂ ಆಗುತ್ತಿತ್ತು. ಬೊರಾಮಳಿಗೆ ಅಮ್ಮನ ಮುಖ ಕಣ್ಣ ಮುಂದೆ ಬಂತು, ಬ್ಯಾನರ್ ಬಂತು, ಹಿಂದೆ ನಿಂತವಳ ಉಸಿರು ಕುತ್ತಿಗೆಗೆ ತಾಗಿತು. ಅವಳು ತಲೆ ಆಡಿಸಿದಳು. ಮೇಲಿನಿಂದ ಕೆಳಕ್ಕೆ, ಒಂದೇ ಸಲ.

"ಒಳ್ಳೇದಾಯ್ತು" ಎಂದರು ಮೇಡಂ. ಕಾಗದ ಮಡಚಿ ಡ್ರಾಯರಿಗೆ ಹಾಕಿದರು. "ನಿನ್ನ ವಯಸ್ಸಲ್ಲಿ ನಾನೂ ಹೋಗ್ಬೇಕಿತ್ತು. ಹೋಗಲಿಲ್ಲ. ನೀನು ಹೋಗು. ಪಕ್ಕದೂರು ಹೆನಾಮ್‌ನ ಹುಡುಗಿ ಒಬ್ಬಳು ಈ ಕೆಲಸಕ್ಕೇ ಬೆಳಗ್ಗೆಯಿಂದ ಹೊರಗೆ ಕೂತಿದಾಳೆ, ಅವಳನ್ನ ಕರೀತೀನಿ." ಬಾಗಿಲ ತನಕ ಬಂದು ತಗ್ಗಿದ ದನಿಯಲ್ಲಿ ಹೇಳಿದರು: "ನಿನ್ನ ಕೈ ಚೆನ್ನಾಗಿತ್ತು. ಮುದುಕರು ನಿನ್ನ ಕೈಗೆ ಹೆದರ್ತಿರಲಿಲ್ಲ."

ಹೊರಗಿನ ಬೆಂಚಿನಲ್ಲಿ ಕೂತಿದ್ದ ಹೆನಾಮ್‌ನ ಹುಡುಗಿ ಎದ್ದು ನಿಂತು ಬೊರಾಮಳಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿದಳು. ಬೊರಾಮಳೂ ಬಗ್ಗಿದಳು. ಇಬ್ಬರ ತಲೆಯೂ ಢಿಕ್ಕಿ ಹೊಡೆಯುವುದೊಂದು ಬಾಕಿ.

ಸಂತೆಗೆ ಮರಳುವಾಗ ಬ್ಯಾನರ್ ಕಟ್ಟಿಯಾಗಿತ್ತು. ಬೀದಿಯ ಈ ಕಂಬದಿಂದ ಆ ಕಂಬಕ್ಕೆ, ಹಳದಿ ಬಟ್ಟೆಯ ಮೇಲೆ ಮನೆತನದ ಹೆಸರೂ ಸೇರಿಸಿ ಕೆಂಪು ಅಕ್ಷರ: "ಗೂ ಬೊರಾಮ್ ಸಿಯೋಲ್ ದೊಡ್ಡ ಆಸ್ಪತ್ರೆಗೆ! ಅಭಿನಂದನೆಗಳು!" ಕೆಳಗೆ ಅದಕ್ಕಿಂತ ದಪ್ಪ ಅಕ್ಷರದಲ್ಲಿ ಅಧ್ಯಕ್ಷ ಬಾಂಗ್‌ರ ಹೆಸರು. ದೂರದಿಂದ ನೋಡಿದರೆ ಅಧ್ಯಕ್ಷರೇ ನರ್ಸ್ ಆಗಿ ಹೊರಟಂತಿತ್ತು. ಸಮುದ್ರದ ಗಾಳಿಗೆ ಅದು ಪಟಪಟ ಬಡಿದುಕೊಳ್ಳುತ್ತಿತ್ತು. ಅಮ್ಮ ಅದರ ಕೆಳಗೆ ನಿಂತು ಹೋಗಿ ಬರುವವರಿಗೆಲ್ಲ ಒಂದೊಂದು ಹಿಡಿ ಕಿಮ್ಚಿ ಹೆಚ್ಚಿಗೆ ಹಾಕಿ ಕೊಡುತ್ತಿದ್ದಳು.

ನೇಮಕಾತಿ ವಿಭಾಗದ ಲೈನು ಇನ್ನೂ ಬಿಜಿಯೇ ಇತ್ತು. ಮೂರೂವರೆಗೆ ಮತ್ತೆ ಸೊನ್ನೆ ಎರಡರ ಫೋನು ಬಂತು. ಇಡೀ ಸಾಲು ಕತ್ತು ಚಾಚಿತು. ಮಂಜುಗಡ್ಡೆ ಒಡೆಯುತ್ತಿದ್ದವನು ಎತ್ತಿದ ಸುತ್ತಿಗೆಯನ್ನು ಮೇಲೆಯೇ ಹಿಡಿದ. ಚಿಕ್ಕಮ್ಮ ಸ್ಪೀಕರ್ ಒತ್ತಿದಳು.

"ಗೂ ಬೊರಾಮ್ ಸಿಸ್ಟರ್ ಅವರಾ? ಮಧ್ಯಾಹ್ನನೂ ಒಂದ್ಸಲ ಮಾಡಿದ್ದೆ. ನಾನು ಮೂಳೆ ವಾರ್ಡಿನಿಂದ ಮಾತಾಡ್ತಿರೋದು."

"ಹೌದು, ನಾನೇ. ಯಾವತ್ತು ಬಂದು ಸೇರ್ಬೇಕು?"

"ಸೇರೋದಾ? ಇಲ್ಲ ಇಲ್ಲ, ಇದು ಪೇಷಂಟ್ ವಿಷಯ. ಬುನ್‌ಸಿಮ್ ಅಜ್ಜಿ, ಎಂಬತ್ತಮೂರು ವರ್ಷ. ಹೋದ ತಿಂಗಳು ನಿಮ್ಮಲ್ಲಿಂದ ಸೊಂಟದ ಆಪರೇಷನ್‌ಗೆ ಮಗ ಇಲ್ಲಿಗೆ ಕರ್ಕೊಂಡ್ ಬಂದಿದ್ರಲ್ಲ. ಇವತ್ತು ಡಿಸ್ಚಾರ್ಜ್. ಇಲ್ಲೇ ಹತ್ತಿರ ಒಳ್ಳೆ ಆರೈಕೆ ಆಸ್ಪತ್ರೆ ನೋಡಿದ್ವಿ, ಅಜ್ಜಿ ಒಪ್ಪಲೇ ಇಲ್ಲ. ಎರಡು ದಿನ ಅನ್ನ ಮುಟ್ಟಲಿಲ್ಲ. ನಿಮ್ಮ ನಂಬರ್ ಕೊಟ್ಟು, ಆ ಹುಡುಗಿ ಇರೋ ಕಡೆಗೇ ಕಳಿಸಿ, ಅವಳು ಹಿಡ್ಕೊಂಡ್ರೆ ನಡೀತೀನಿ ಅಂತ ಹಟ. ನಿಮ್ಮ ಆಸ್ಪತ್ರೇಲಿ ಬೆಡ್ ಹೇಳಿದೀವಿ, ಗಾಡಿ ಹೊರಟಾಗಿದೆ. ಆರು ಗಂಟೆಗೆ ತಲುಪುತ್ತೆ. ನೀವು ಡ್ಯೂಟೀಲಿ ಇರ್ತೀರಾ ಅಂತ ಕೇಳೋಕೆ ಮಾಡಿದ್ದು, ಅಷ್ಟೇ."

ಬೊರಾಮ್ ಫೋನಿನ ಕಡೆ ಬಗ್ಗಿದಳು. "ಅಕ್ಕಾ, ಕಾಯೋ ಪಟ್ಟಿ... ಇನ್ನೂರ ಹದಿನಾಲ್ಕು..."

"ಅಯ್ಯೋ, ನೀವೂ ಪಟ್ಟೀಲಿದೀರಾ?" ಆ ಧ್ವನಿ ಮೆತ್ತಗಾಯಿತು. "ಈಗ ತೊಂಬತ್ತರ ಹತ್ರ ಕರೀತಿದಾರೆ ಅನ್ಸುತ್ತೆ. ಇರೋ ಕೆಲಸ ಗಟ್ಟಿಯಾಗಿ ಹಿಡ್ಕೊಳ್ಳಿ ಸಿಸ್ಟರ್. ಇಲ್ಲಿ ನನ್ನ ಹೆಸರು ಕೇಳೋ ಪೇಷಂಟ್ ಒಬ್ಬರೂ ಇಲ್ಲ."

ಮಂಜುಗಡ್ಡೆಯವನು ಸುತ್ತಿಗೆಯನ್ನು ಮೆಲ್ಲಗೆ ಕೆಳಗಿಟ್ಟ. ಅಧ್ಯಕ್ಷ ಬಾಂಗ್ ಬ್ಯಾನರ್ ಕಡೆ ಒಮ್ಮೆ ನೋಡಿ, ದೀಪದ ಅಂಗಡಿಯಲ್ಲಿ ಏನೋ ಉರಿಯುತ್ತಿರುವವರಂತೆ ಅವಸರದಿಂದ ಹೊರಟುಹೋದರು. ಹೇಂಗ್‌ಜಾ ಚಿಕ್ಕಮ್ಮ ಫೋನನ್ನು ಬೊರಾಮಳ ಜೇಬಿಗೇ ವಾಪಸ್ ಇಟ್ಟಳು.

ಅಮ್ಮ ಹತ್ತಿರ ಬಂದಳು. "ನಿಂಗೆ ಸೂರ್ಯಕಾಂತೀಲೇ ಇರ್ಬೇಕು ಅಂತಿತ್ತಾ?" ಎಂದು ಕೇಳಿದಳು.

"ಹೂಂ."

"ಹೇಳ್ಬೇಕಿತ್ತಲ್ಲೇ ಮಗಾ. ನಾನೇನು ಸಿಯೋಲ್ ಬೇಕು ಅಂದಿದ್ನಾ? ನೀನು ಅಷ್ಟು ದೂರ ಹೋಗ್ತೀಯಲ್ಲಾ ಅಂತ ಅಳು ಬಂದಿತ್ತು ನಂಗೆ."

ಬೊರಾಮ್ ಓಡಿದಳು. ಪ್ಯೋ ಮೇಡಂ ಅವರ ಮೇಜಿನ ಮೇಲೆ ಹೊಸ ಕಾಗದವಿತ್ತು, ಅದರ ಮೇಲೆ ಹೊಸ ಸಹಿಯೂ ಇತ್ತು. "ಒಂದು ಗಂಟೆ ಮುಂಚೆ ಬಂದಿದ್ರೆ..." ಎಂದರು ಮೇಡಂ. ಬೊರಾಮ್ ತಂದ ಕಡುಬನ್ನೇ ಒಂದು ತಟ್ಟೆಯಲ್ಲಿಟ್ಟು ಅವಳ ಮುಂದೆ ಸರಿಸಿದರು. ಅವಳು ಅದನ್ನು ತಿಂದಳು.

ಆರು ಗಂಟೆಗೆ ಆಂಬುಲೆನ್ಸ್ ಬಂತು. ಬೊರಾಮ್ ಗೇಟಿನ ಬಳಿ ನಿಂತಿದ್ದಳು, ಖಾರದ ಕಲೆಯ ಅಂಗಿಯಲ್ಲಿ. ಸ್ಟ್ರೆಚರ್ ಇಳಿಸುವಾಗ ಅವಳ ಕೈ ತಾನಾಗಿ ಮುಂದೆ ಹೋಯಿತು. ಬುನ್‌ಸಿಮ್ ಅಜ್ಜಿ ಕಂಬಳಿಯಿಂದ ಒಣಗಿದ ಬೆರಳು ಈಚೆ ಚಾಚಿ ಅವಳ ಮಣಿಕಟ್ಟು ಹಿಡಿದಳು.

"ಬಂದ್ಯಾ? ಯೂನಿಫಾರಂ ಎಲ್ಲೇ?"

"ಇವತ್ತು ರಜೆ ಅಜ್ಜಿ."

"ರಜೇಲೂ ಬಂದ್ಯಾ ನನಗೋಸ್ಕರ!" ಅಜ್ಜಿಯ ಮುಖದ ಸುಕ್ಕುಗಳೆಲ್ಲ ನಕ್ಕವು. "ನಾಳೆ ಬೆಳಗ್ಗೆ ನಡಿಯೋಣ. ಕಿಟಕಿ ತನಕ."

ಒಳಗಿನಿಂದ ಹೆನಾಮ್‌ನ ಹುಡುಗಿ ಓಡಿಬಂದಳು. ಹೊಸ ಬಿಳಿ ಬಟ್ಟೆಯ ಮಡಿಕೆ ಇನ್ನೂ ಬಿಚ್ಚಿರಲಿಲ್ಲ. ಸ್ಟ್ರೆಚರಿನ ಹಿಡಿ ತೆಗೆದುಕೊಂಡು, ಬಾಗಿಲ ಬಳಿ ಬೊರಾಮಳನ್ನು ಬಹಳ ವಿನಯದಿಂದ ತಡೆದಳು. ಯಾರೋ ಅವಳಿಗೆ ನಿಯಮಗಳನ್ನು ಚೆನ್ನಾಗಿಯೇ ಕಲಿಸಿದ್ದರು.

"ಭೇಟಿ ಸಮಯ ಮುಗಿದಿದೆ ಅಕ್ಕಾ. ಪುಸ್ತಕದಲ್ಲಿ ಬರೀಬೇಕು" ಎಂದಳು. "ನೀವು ಅಜ್ಜಿಗೆ ಏನಾಗ್ಬೇಕು?"

ಬೊರಾಮ್ ಬಾಯಿ ತೆರೆದಳು. ಮಧ್ಯಾಹ್ನ ಎರಡು ಗಂಟೆಯವರೆಗೂ ಆ ಪ್ರಶ್ನೆಗೆ ಅವಳ ಬಳಿ ಉತ್ತರವಿತ್ತು.